ಒಂದು ಪಾವಲಿಯ ಪ್ರಶ್ನೆ: ಪ್ರಸಂಗ ಮಾಡುವವರ ತರಬೇತಿಗಾಗಿ ದೇಣಿಗೆ ಮನವಿ

ಕರ್ತನಲ್ಲಿ ಪ್ರಿಯರೇ,

ಇದು ಹಣ ಕೇಳುವ ಕಾಗದ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊತ್ತದ ಮಾತಿಗೆ ಬರುವ ಮುಂಚೆ ನಾನು ಪೇಚಿಗೆ ಸಿಕ್ಕಿದ ಒಂದು ಭಾನುವಾರದ ಸಂಗತಿ ಹೇಳಬೇಕು.

ಹಲವು ವರ್ಷಗಳ ಹಿಂದೆ ಗದಗ ಸೀಮೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಸತ್ಯವೇದದ (ಬೈಬಲಿನ) ಲೂಕ 15ರ ಮೇಲೆ ಪ್ರಸಂಗ ಮಾಡಿದೆ. ಹತ್ತು ಪಾವಲಿಗಳಲ್ಲಿ ಒಂದನ್ನು ಕಳಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಅದು ಸಿಕ್ಕ ಮೇಲೆ ನೆರೆಹೊರೆಯವರನ್ನು ಕೂಗಿ ಕರೆಯುತ್ತಾಳಲ್ಲ, ಆ ಭಾಗ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ ನಾನು, ಮಾತಿಗೆ ಬರವಿರಲಿಲ್ಲ. ನಲವತ್ತು ನಿಮಿಷ ಎಳೆದೆ. ಆರಾಧನೆ ಮುಗಿದು ಚಪ್ಪಲಿ ಮೆಟ್ಟುತ್ತಿದ್ದಾಗ ಒಬ್ಬ ಅಜ್ಜಿ ಕಂಬಕ್ಕೆ ಒರಗಿ ನಿಂತು ಕೇಳಿದರು: ‘ಅಲ್ರೀ ಸರ, ನಾಕಾಣೆ ಕಳದ್ರ ಯಾರರ ಓಣಿ ಮಂದೀನೆಲ್ಲಾ ಕರದು ಸಿಕ್ತು ಸಿಕ್ತು ಅಂತಾರೇನ್ರೀ? ಬಂದ ಮಂದಿಗೆ ಚಾ ಕುಡಿಸಾಕ ಅದಕ್ಕಿಂತ ಹೆಚ್ಚು ಹೋಗ್ತೈತಲ್ರೀ.’

ನಗುತ್ತಾ ಏನೋ ಹೇಳಿ ಬಸ್ಸು ಹತ್ತಿದೆ. ಅಜ್ಜಿ ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಹಳೆಯ ಸತ್ಯವೇದದಲ್ಲಿ ಇರುವ ಶಬ್ದ ಪಾವಲಿ. ಪಾವಲಿ ಅಂದರೆ ಕಾಲು ರೂಪಾಯಿ, ನಾಲ್ಕಾಣೆ. ಅನುವಾದಿಸಿದವರ ಕಾಲದಲ್ಲಿ ಅದಕ್ಕೆ ಬೆಲೆಯಿತ್ತು. ಈಗಿನ ಹುಡುಗರು ಅದನ್ನು ಕಣ್ಣಿಂದಲೂ ಕಂಡಿಲ್ಲ. 25 ಪೈಸೆಯ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದಲೇ ಹೋಯಿತು. ಲೂಕನ ಗ್ರೀಕಿನಲ್ಲಿ ಇರುವುದು ದ್ರಾಕ್ಮ ಎಂಬ ಬೆಳ್ಳಿ ನಾಣ್ಯ, ಹೆಚ್ಚುಕಡಿಮೆ ಒಬ್ಬ ಆಳಿನ ಒಂದು ದಿನದ ಕೂಲಿ. ಆ ಹೆಂಗಸಿನ ಹತ್ತಿರ ಇದ್ದದ್ದೇ ಹತ್ತು ದಿನದ ಕೂಲಿ, ಅದರಲ್ಲಿ ಒಂದು ದಿನದ್ದು ಕಳೆದಿದೆ. ಕಿಟಕಿ ಕಡಿಮೆಯಿದ್ದ ಮನೆ, ಹಾಗಾಗಿ ಹಗಲಲ್ಲೂ ದೀಪ ಬೇಕು. ಇಷ್ಟು ಹೇಳಿದ್ದರೆ ಸಾಕಿತ್ತು. ಕಡಲೆ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿದ ಆ ಅಜ್ಜಿಗೆ ಒಂದು ದಿನದ ಕೂಲಿ ಕಳೆಯುವುದು ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ನಲವತ್ತು ನಿಮಿಷದಲ್ಲಿ ಈ ಎರಡು ಮಾತಿಗೆ ಜಾಗ ಇರಲಿಲ್ಲ. ಯಾಕೆಂದರೆ ನನಗೇ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ನಮ್ಮ ಟ್ರಸ್ಟ್ ಹುಟ್ಟಿದ್ದು ಆ ನಾಚಿಕೆಯಿಂದ ಎಂದರೆ ತಪ್ಪಿಲ್ಲ.

ಪಟ್ಟಣದ ದೊಡ್ಡ ದೇವಾಲಯಗಳಲ್ಲಿ ಕೂರುವವರಿಗೆ ಹಳ್ಳಿಯ ಸ್ಥಿತಿ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ನಮ್ಮ ಭಾಗದಲ್ಲಿ ಒಬ್ಬ ಸಭಾಪಾಲಕರಿಗೆ ಐದಾರು ಹಳ್ಳಿಗಳ ಸಭೆ ಅಂಟಿಕೊಂಡಿರುತ್ತದೆ. ಕರ್ತನ ಭೋಜನ ನಡೆಸಲು ದೀಕ್ಷೆ ಪಡೆದವರೇ ಬೇಕು, ಅದಕ್ಕೆ ಅವರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರ ಪ್ರಸಂಗಪೀಠಕ್ಕೆ ಹತ್ತುವವರು ಯಾರು? ಟೇಲರ್, ಸಾರಿಗೆ ಸಂಸ್ಥೆಯ ಕಂಡಕ್ಟರ್, ಗುಳೇದಗುಡ್ಡದಲ್ಲಿ ಮಗ್ಗದ ಮೇಲೆ ಕೂರುವವನು, ಅಂಗನವಾಡಿ ಟೀಚರ್, ಕೂಲಿಗೆ ಹೋಗುವ ಹೆಣ್ಣುಮಗಳು. ಶನಿವಾರ ರಾತ್ರಿ ಊಟ ಆದಮೇಲೆ ಇವರ ತಯಾರಿ ಶುರು. ಕೈಯಲ್ಲಿ ಒಂದು ಸತ್ಯವೇದ, ಒಂದು ಮೊಬೈಲು.

ಹಿಂದೆ ಹೀಗಿರಲಿಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಹದಿಮೂರು ವರ್ಷ ಕಳೆಯುವಷ್ಟರಲ್ಲಿ, 1847ಕ್ಕೆ, ಬಲ್ಮಠದಲ್ಲಿ ದೇವಶಾಸ್ತ್ರ ಕಲಿಸುವ ಶಾಲೆ ತೆರೆದರು. ಹೊರಗಿನಿಂದ ಬಂದವರ ಬಾಯಿಂದಲೇ ವಾಕ್ಯ ಕೇಳಿಸುತ್ತಿದ್ದರೆ ಸಭೆ ಊರದಾಗುವುದಿಲ್ಲ, ಈ ನೆಲದ ಮಕ್ಕಳೇ ಉಪದೇಶಿಗಳಾಗಬೇಕು ಎಂಬುದು ಅವರಿಗೆ ಬೇಗ ತಿಳಿಯಿತು. ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಬೇರು ಅಲ್ಲಿದೆ. ಇತ್ತ ನಮ್ಮ ಕಡೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಆ ಮಿಷನ್ನಿನ ಹಳೆಯ ಠಾಣೆಗಳು. ಹಳ್ಳಿಗಳಲ್ಲಿ ಸಂಬಳದ ಉಪದೇಶಿಗಳಿದ್ದರು. ಮನೆಮನೆ ತಿರುಗಿ, ಮಕ್ಕಳಿಗೆ ಅಕ್ಷರ ಕಲಿಸಿ, ಭಾನುವಾರ ವಾಕ್ಯ ಬಿಡಿಸುತ್ತಿದ್ದರು. ನನ್ನ ಅಜ್ಜನೂ ಅಂಥ ಒಬ್ಬ ಉಪದೇಶಿ. ಈಗ ನಮ್ಮ ಹಳ್ಳಿಗಳಲ್ಲಿ ಆ ಹುದ್ದೆ ಇಲ್ಲ, ಸಂಬಳವೂ ಇಲ್ಲ. ಕೆಲಸ ಮಾತ್ರ ಹಾಗೇ ಉಳಿದಿದೆ, ತರಬೇತಿ ಇಲ್ಲದವರ ಹೆಗಲ ಮೇಲೆ.

ಹೆಗಲು ಕೊಟ್ಟವರನ್ನು ದೂರುವ ಮನಸ್ಸು ನನಗಿಲ್ಲ, ಆದರೆ ಆಗುತ್ತಿರುವುದನ್ನು ಹೇಳಲೇಬೇಕು. ಒಂದು ವಚನ ಓದಿ, ಅಲ್ಲಿಂದ ಹತ್ತು ವಚನಕ್ಕೆ ಹಾರಿ, ಯಾವುದರಲ್ಲೂ ನಿಲ್ಲದೆ ಇಳಿಯುವುದು ಒಂದು ಬಗೆ. ಟಿವಿ ಪ್ರಸಂಗಿಯ ಧ್ವನಿ ಎರವಲು ತಂದು, ಮೂವತ್ತು ಜನ ಕೂತ ಕೋಣೆಯಲ್ಲಿ ಮೈಕು ಹರಿಯುವಂತೆ ಕೂಗುವುದು ಇನ್ನೊಂದು. ಬಾರದವರನ್ನೆಲ್ಲ ಬಂದವರ ಮುಂದೆ ಬೈಯುವ ಪ್ರಸಂಗ ಬೇರೆಯೇ ಇದೆ, ಅದನ್ನು ನಾನೂ ಬೇಕಾದಷ್ಟು ಸಲ ಮಾಡಿದ್ದೇನೆ. ಈಚೆಗೆ ವಾಟ್ಸಾಪಿನಲ್ಲಿ ಬಂದ ಪ್ರಸಂಗವನ್ನು ನೋಡಿಕೊಂಡು ಓದುವವರೂ ಇದ್ದಾರೆ. ಒಮ್ಮೆ ಅಕ್ಕಪಕ್ಕದ ಎರಡು ಊರಲ್ಲಿ ಒಂದೇ ಭಾನುವಾರ ಒಂದೇ ಪ್ರಸಂಗ ನಡೆದು, ಮಧ್ಯಾಹ್ನ ಬೀಗರ ಮನೆಯಲ್ಲಿ ಊಟಕ್ಕೆ ಕೂತವರಿಗೆ ಗುಟ್ಟು ಗೊತ್ತಾಯಿತು.

ಇದಕ್ಕಿಂತ ಆಳದ ತೊಂದರೆ ಇನ್ನೊಂದಿದೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ವಚನ ಬರೆದ ವಾಗ್ದಾನ ಕಾರ್ಡು ಎತ್ತುತ್ತೇವಲ್ಲ, ಅದರಲ್ಲಿ ಯೆರೆಮೀಯ 29:11 ಎಷ್ಟು ಮಂದಿಗೆ ಬಂದಿಲ್ಲ! ನಿಮಗಾಗಿ ನನ್ನಲ್ಲಿರುವ ಆಲೋಚನೆಗಳು ಹಿತದವು, ಕೇಡಿನವಲ್ಲ ಎಂದು ದೇವರು ಹೇಳುವ ಮಾತು. ಮಗಳ ಮದುವೆಗೆ, ಮಗನ ನೌಕರಿಗೆ, ಸಾಲ ತೀರುವುದಕ್ಕೆ ಅದನ್ನೇ ಹಚ್ಚಿ ಪ್ರಸಂಗ ಮಾಡುತ್ತೇವೆ. ಅದರ ಹಿಂದಿನ ವಚನವನ್ನು ಓದುವುದಿಲ್ಲ. ಅಲ್ಲಿ ಎಪ್ಪತ್ತು ವರ್ಷ ಎಂದಿದೆ. ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಕಾಗದ ಅದು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಬೇಗ ವಾಪಸಾಗುತ್ತೀರಿ ಎಂದು ಹೇಳುವ ಪ್ರವಾದಿಗಳನ್ನು ನಂಬಬೇಡಿ ಎಂದು. ಹಿತ ಬರುತ್ತದೆ, ಆದರೆ ಆ ಕಾಗದ ಓದಿಸಿಕೊಂಡವರಲ್ಲಿ ಬಹಳ ಮಂದಿ ಅದನ್ನು ಕಾಣದೆಯೇ ಸಾಯುತ್ತಾರೆ. ಮೂರು ವರ್ಷ ಮಳೆ ಹೋದ ಊರಿನಲ್ಲಿ ಈ ಪೂರ್ತಿ ಕಾಗದವನ್ನು ಓದಿ ಹೇಳಿದರೆ ಜನ ಎದೆಗೆಡುವುದಿಲ್ಲ. ಅರ್ಧ ಓದಿ, ಈ ವರ್ಷವೇ ಎಲ್ಲ ಸರಿಹೋಗುತ್ತದೆ ಎಂದು ಹೇಳಿ, ಅದು ಆಗದಿದ್ದಾಗ ಎದೆಗೆಡುತ್ತಾರೆ.

ನಾವು ಕಲಿಸುವುದು ಹೆಚ್ಚೇನಿಲ್ಲ. ಐದು ದಿನದ ಶಿಬಿರ, ಇಪ್ಪತ್ತನಾಲ್ಕು ಮಂದಿ. ಸಭಾಪಾಲಕರೂ ಇವರ ಜೊತೆಗೇ ಕೂರುತ್ತಾರೆ, ಅವರಿಗೆ ಬೇರೆ ಕುರ್ಚಿ ಇಲ್ಲ. ಮೊದಲ ದಿನ ಪ್ರಸಂಗದ ಮಾತೇ ಎತ್ತುವುದಿಲ್ಲ, ಗಟ್ಟಿಯಾಗಿ ಓದಿಸುತ್ತೇವೆ. ಒಂದೇ ಅಧ್ಯಾಯವನ್ನು ನಾಲ್ಕು ಸಲ. ಎಲ್ಲಿ ನಿಲ್ಲಿಸಬೇಕು, ಯಾವ ಶಬ್ದದ ಮೇಲೆ ಭಾರ ಬೀಳಬೇಕು ಎಂಬುದರಲ್ಲೇ ಅರ್ಧ ಅರ್ಥ ಬಿಚ್ಚಿಕೊಳ್ಳುತ್ತದೆ. ಆಮೇಲೆ ಪ್ರಶ್ನೆಗಳು: ಯಾರು ಯಾರಿಗೆ ಹೇಳುತ್ತಿದ್ದಾರೆ, ಹಿಂದಿನ ಮುಂದಿನ ವಚನ ಏನು, ಈ ಭಾಗದ ಮಾತನ್ನು ಒಂದೇ ವಾಕ್ಯದಲ್ಲಿ ನಿಮ್ಮ ಅವ್ವನಿಗೆ ಹೇಳಿ ನೋಡೋಣ. ಆ ಒಂದು ವಾಕ್ಯ ಬಾರದವರಿಗೆ ಪ್ರಸಂಗ ಬರೆಯಲು ಕಾಗದ ಕೊಡುವುದಿಲ್ಲ. ಮೂರನೆಯ ದಿನದಿಂದ ಹದಿನೆಂಟು ನಿಮಿಷದ ಪ್ರಸಂಗ. ಒಬ್ಬರು ಮಾತಾಡಿದರೆ ಉಳಿದವರು ಕೇಳಿ, ತಮಗೆ ದಕ್ಕಿದ್ದೇನು ಎಂದು ಬರೆದುಕೊಡುತ್ತಾರೆ. ಹೇಳಿದ್ದಕ್ಕೂ ದಕ್ಕಿದ್ದಕ್ಕೂ ಇರುವ ಅಂತರ ನೋಡಿ ಅತ್ತವರನ್ನು ಕಂಡಿದ್ದೇನೆ, ನಕ್ಕವರನ್ನೂ.

ಕಲಿಸುವವರು ಕಲಿಯುವುದೇ ಹೆಚ್ಚು ಎಂಬುದಕ್ಕೆ ಒಂದು ಸಂಗತಿ. ಮಾರ್ಕ 4ರ ಬಿತ್ತುವವನ ಸಾಮ್ಯ, ಬೀಜ ದಾರಿಯ ಮೇಲೂ ಬಂಡೆ ನೆಲದಲ್ಲೂ ಬೀಳುವ ಕಥೆ, ಓದುತ್ತಿದ್ದೆವು. ರೋಣದ ಕಡೆಯ ಒಬ್ಬ ರೈತ ಕೈ ಎತ್ತಿ, ‘ಸರ, ಇವಗ ಬಿತ್ತಾಕ ಬರಂಗಿಲ್ಲ ಬಿಡ್ರಿ. ಯಾವ ರೈತ ದಾರಿ ಮ್ಯಾಲ ಬೀಜಾ ಚೆಲ್ತಾನ್ರೀ?’ ಎಂದ. ಎರೆ ಹೊಲದಲ್ಲಿ ಕೂರಿಗೆ ಹೂಡಿ, ಬಟ್ಟಲಿಗೆ ಲೆಕ್ಕದಲ್ಲಿ ಕಾಳು ಬಿಟ್ಟು, ಸಾಲು ಹಿಡಿದು ಬಿತ್ತುವವನಿಗೆ ಈ ಅನುಮಾನ ಬಾರದಿದ್ದರೆ ಹೇಗೆ? ಯೇಸುವಿನ ಸೀಮೆಯಾದ ಗಲಿಲಾಯದಲ್ಲಿ ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು. ಹೊಲದ ನಡುವೆಯೇ ಜನ ತುಳಿದ ಕಾಲುದಾರಿ, ತೆಳು ಮಣ್ಣಿನಡಿ ಬಂಡೆ. ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಅವನೇ ಮುಂದುವರಿಸಿದ: ಹಂಗಾದ್ರ ಇವ ಬೀಜಕ್ಕ ಜಿಪುಣತನ ಮಾಡೂ ಪೈಕಿ ಅಲ್ಲ, ನೆಲಾ ನೋಡಿ ಬಿತ್ತಂಗಿಲ್ಲ, ಎಲ್ಲಾರಿಗೂ ಚೆಲ್ತಾನ. ಮರುದಿನ ಅವನ ಪ್ರಸಂಗ ಇದೇ ಆಯಿತು. ಕೂರಿಗೆ ಹಿಡಿದ ಕೈ ಇಲ್ಲದಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ. ಹಾಗೆಂದು ಗಲಿಲಾಯದ ಹೊಲ ಹೇಗಿತ್ತೆಂದು ತಿಳಿಯದಿದ್ದರೂ ಹುಟ್ಟುತ್ತಿರಲಿಲ್ಲ. ನಮ್ಮ ಶಿಬಿರ ಕೊಡುವುದು ಎರಡನೆಯದನ್ನು. ಮೊದಲನೆಯದನ್ನು ಅವರೇ ತರುತ್ತಾರೆ.

ಇದೇನು ಹೊಸ ಪದ್ಧತಿಯಲ್ಲ. ನೆಹೆಮೀಯ 8ರಲ್ಲಿ ಎಜ್ರನು ಮರದ ಪೀಠದ ಮೇಲೆ ನಿಂತು ಧರ್ಮಶಾಸ್ತ್ರ ಓದುತ್ತಾನೆ. ಓದುವವನು ಒಬ್ಬ, ಜನರಿಗೆ ಅರ್ಥ ಬಿಡಿಸಿ ಹೇಳಿದವರೆಂದು ಅಲ್ಲಿ ಹದಿಮೂರು ಹೆಸರುಗಳಿವೆ. ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸನೆಂಬ ಮಾತುಗಾರ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡುವುದನ್ನು ಕೇಳಿ, ಅವನನ್ನು ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ತಿಳಿಸಿಕೊಟ್ಟವರು ಅಕ್ವಿಲ ಮತ್ತು ಪ್ರಿಸ್ಕಿಲ್ಲ, ಗುಡಾರ ಹೊಲಿದು ಬದುಕುತ್ತಿದ್ದ ಗಂಡಹೆಂಡತಿ. ತುಂಬಿದ ಸಭೆಯಲ್ಲಿ ಎದ್ದುನಿಂತು ತಿದ್ದಲಿಲ್ಲ ಎಂಬುದನ್ನು ನಮ್ಮ ಶಿಬಿರದಲ್ಲಿ ಪ್ರತಿ ಸಲ ನೆನಪಿಸುತ್ತೇನೆ.

ಈಗ ಲೆಕ್ಕ. ಒಬ್ಬರಿಗೆ ಐದು ದಿನದ ಊಟ, ವಸತಿ 1,750 ರೂಪಾಯಿ, ಬಸ್ ಖರ್ಚು 300, ಪುಸ್ತಕಕ್ಕೆ 900. ಪುಸ್ತಕವೆಂದರೆ ಕನ್ನಡದ ಒಂದು ಸತ್ಯವೇದ ನಿಘಂಟು, ನಕಾಶೆಗಳ ಒಂದು ಪುಸ್ತಿಕೆ, ಬರೆಯುವ ದಪ್ಪ ನೋಟ್‌ಬುಕ್ಕು. ಇಂಗ್ಲಿಷಿನಲ್ಲಿ ಕಪಾಟುಗಟ್ಟಲೆ ಇರುವ ವ್ಯಾಖ್ಯಾನಗಳು ಇವರ ಕೈಗೆ ಎಟುಕುವಂಥವಲ್ಲ. ಹೀಗೆ ತಲೆಗೆ 2,950. ಕೂಲಿಯ ಮೇಲೆ ಬದುಕುವವರಿಗೆ ಐದು ದಿನದ ಕೂಲಿ ನಷ್ಟವೆಂದು ದಿನಕ್ಕೆ 400ರಂತೆ 2,000 ಸೇರಿಸಿ ಕೊಡುತ್ತೇವೆ. ಇದನ್ನು ಕೆಲವು ಹಿರಿಯರು ಒಪ್ಪಲಿಲ್ಲ, ದೇವರ ಸೇವೆಗೆ ಕೂಲಿಯೇ ಎಂದು ಕೇಳಿದರು. ನನ್ನ ಉತ್ತರ ಆಗಲೂ ಈಗಲೂ ಒಂದೇ: ಪಿಂಚಣಿ ಬರುವವನು ಆ ಪ್ರಶ್ನೆ ಕೇಳುವುದು ಸುಲಭ.

ಇಪ್ಪತ್ತನಾಲ್ಕರಲ್ಲಿ ಹತ್ತು ಮಂದಿ ಕೂಲಿಯವರೆಂದು ಹಿಡಿದರೆ ಒಂದು ಶಿಬಿರಕ್ಕೆ 90,800. ಕಲಿಸಲು ಬರುವವರ ಪ್ರಯಾಣ, ಉಪಚಾರಕ್ಕೆ 12,000. ವರ್ಷಕ್ಕೆ ಎರಡು ಶಿಬಿರ, ಒಟ್ಟು 2,05,600. ಆರು ತಿಂಗಳ ಮೇಲೆ ನಮ್ಮವರೊಬ್ಬರು ಶಿಬಿರಕ್ಕೆ ಬಂದ ಪ್ರತಿಯೊಬ್ಬರ ಊರಿಗೂ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಪ್ರಸಂಗ ಕೇಳಿ, ಆಮೇಲೆ ಮನೆಯಲ್ಲಿ ಮಾತಾಡಿ ಬರುತ್ತಾರೆ. ನಲವತ್ತೆಂಟು ಊರಿಗೆ ಇದರ ಖರ್ಚು 14,400. ಎಲ್ಲ ಸೇರಿ 2,20,000. ಸುಗ್ಗಿ ಹಬ್ಬದ ಸವಾಲಿನಿಂದ, ಅಂದರೆ ಹರಾಜಿನಿಂದ, ಬಂದ 61,000 ಕೈಯಲ್ಲಿದೆ. ಒಂದು ಕುಂಬಳಕಾಯಿಯೇ 1,100ಕ್ಕೆ ಹೋಯಿತು, ಹಿಡಿದವರು ಅದನ್ನು ಅಲ್ಲೇ ಮರಳಿಸಿ ಮತ್ತೆ ಕೂಗಿಸಿದರು. ಇನ್ನು ಬೇಕಾಗಿರುವುದು 1,59,000.

ಇಷ್ಟು ಕೊಡಿ ಎಂದು ಗೊತ್ತು ಮಾಡುವ ಬದಲು ಆ ಹೆಂಗಸಿನ ಅಳತೆಯನ್ನೇ ನಿಮ್ಮ ಮುಂದಿಡುತ್ತೇನೆ: ಒಂದು ಪಾವಲಿ, ಅಂದರೆ ನಿಮ್ಮ ಒಂದು ದಿನದ ದುಡಿಮೆ. ಕೂಲಿಯವರಿಗೆ ಅದು ಕೂಲಿಯಷ್ಟು, ಇಂಜಿನಿಯರಿಗೆ ಇಂಜಿನಿಯರಿನಷ್ಟು. ಹೆಚ್ಚು ಕೊಡುವವರನ್ನು ತಡೆಯುವುದಿಲ್ಲ. ಹಣ ಬೇಡ, ಪುಸ್ತಕ ಕೊಡುತ್ತೇವೆ ಎನ್ನುವವರು ದಯವಿಟ್ಟು ಮೊದಲು ಕೇಳಿ. ಮನೆ ಖಾಲಿ ಮಾಡುವಾಗ ಬಂದ ಹಳೆಯ ಡೈರಿಗಳಿಂದ ನಮ್ಮ ಒಂದು ಕಪಾಟು ತುಂಬಿದೆ.

ಕೆಲವು ವಿಷಯ ನೇರವಾಗಿ ಹೇಳಬೇಕು. ನಮಗೆ 80ಜಿ ಪತ್ರ ಇನ್ನೂ ಆಗಿಲ್ಲ, ಹಾಗಾಗಿ ಈ ದೇಣಿಗೆಯ ಮೇಲೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯೂ ಇಲ್ಲ. ಹೊರದೇಶದಲ್ಲಿದ್ದು ಭಾರತದ ಪೌರರಾಗಿಯೇ ಉಳಿದವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಬಹುದು. ಅಲ್ಲಿಯ ಪೌರತ್ವ ಪಡೆದವರಿಂದ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೂ, ನಾವು ತೆಗೆದುಕೊಳ್ಳುವಂತಿಲ್ಲ. ಪ್ರೀತಿಯಿಂದ ಕಳಿಸಿದ್ದನ್ನು ಹಿಂದಿರುಗಿಸುವುದು ಕಷ್ಟದ ಕೆಲಸ, ಅದಕ್ಕೇ ಮೊದಲೇ ಹೇಳಿದ್ದು. ಖಾತೆಯ ವಿವರ ಇದರ ಜೊತೆಗಿರುವ ಹಾಳೆಯಲ್ಲಿದೆ. ಕಳಿಸಿದ ಮೇಲೆ ಹೆಸರು, ಊರು ತಿಳಿಸಿದರೆ ರಶೀದಿ ಬರುತ್ತದೆ. ಹೆಸರು ಬೇಡ ಎನ್ನುವವರು ಅದನ್ನೂ ತಿಳಿಸಿ, ವಾರ್ಷಿಕ ಲೆಕ್ಕದಲ್ಲಿ ‘ಒಬ್ಬ ಸ್ನೇಹಿತರು’ ಎಂದು ಹಾಕುತ್ತೇವೆ.

ಮುಂದಿನ ಶಿಬಿರ ಮೇ ತಿಂಗಳಲ್ಲಿ, ಶಾಲೆಗೆ ರಜೆ ಇರುವಾಗ. ಶಾಲೆಯ ಕೋಣೆಗಳು ರಜೆಯಲ್ಲಿ ಮಾತ್ರ ಖಾಲಿ. ಕೊಡುವ ಮುಂಚೆ ಕಣ್ಣಾರೆ ನೋಡಬೇಕು ಎನ್ನುವವರು ನಾಲ್ಕನೆಯ ದಿನ ಬನ್ನಿ, ಅಂದು ಬೆಳಗಿನಿಂದ ಸಂಜೆಯವರೆಗೆ ಪ್ರಸಂಗಗಳೇ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿ ಪಲ್ಯ ಇರುತ್ತದೆ. ಬಂದವರೂ ಒಂದು ಚೀಟಿ ಬರೆದುಕೊಡಬೇಕು, ದಕ್ಕಿದ್ದೇನು ಎಂದು.

ಕರ್ತನ ಸೇವೆಯಲ್ಲಿ,
ಟ್ರಸ್ಟಿನ ಕಾರ್ಯದರ್ಶಿ