ಮಾಲ್ಟ್ ಬಾರ್ಲಿ: ಇಳುವರಿಯ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ಬೆಳಗಾವಿ, ವಿಜಯಪುರ ಕಡೆಯ ನೀರಾವರಿ ರೈತರು ಹಿಂಗಾರಿಯಲ್ಲಿ ಬಾರ್ಲಿ ಬಿತ್ತಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಕಾರ್ಖಾನೆಗಳಿಗೆ ಮಾರಬಹುದೆಂದು ತಮ್ಮ ಕೃಷಿ ಪುಟದಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಪುಣೆ ಸಮೀಪದ ಮಾಲ್ಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಹಲವು ವರ್ಷ ಕಾಳು ಪರೀಕ್ಷಿಸಿದ ನನಗೆ, ಅದರಲ್ಲಿ ಎಕರೆವಾರು ಇಳುವರಿಯ ಲೆಕ್ಕ ಮಾತ್ರ ಇದ್ದುದು ಕಳವಳ ತಂದಿತು.

ಮಗುವಿನ ಸರಿಹಿಟ್ಟಿಗೆ ರಾಗಿ ಮೊಳಕೆ ಕಟ್ಟಿದವರಿಗೆ, ಕಾಳೆಲ್ಲ ಒಟ್ಟಿಗೆ ಮೊಳೆಯದಿದ್ದರೆ ಹಿಟ್ಟು ಕೆಡುವುದು ಗೊತ್ತು. ಮಾಲ್ಟಿಗೂ ಅದೇ ನಿಯಮ. ಕಾಳು ದಪ್ಪವಾಗಿ 2.5 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲಬೇಕು, ನೂರಕ್ಕೆ 95ಕ್ಕಿಂತ ಹೆಚ್ಚು ಮೊಳೆಯಬೇಕು, ಪ್ರೋಟೀನ್ ಶೇ 9ರಿಂದ 11ರ ಆಸುಪಾಸಿನಲ್ಲಿರಬೇಕು. ಎರಡು ಸಾಲಿನ ತೆನೆಯ ತಳಿಗಳನ್ನು ಇಷ್ಟಪಡುವುದು ಅವುಗಳ ಕಾಳು ಒಂದೇ ಗಾತ್ರದ್ದೆಂಬ ಕಾರಣಕ್ಕೆ.

ಆದರೆ ತಳಿ ಒಳ್ಳೆಯದಾದ ಮಾತ್ರಕ್ಕೆ ಈ ಗುಣಗಳು ಎಲ್ಲ ನೆಲದಲ್ಲೂ ಉಳಿಯುವುದಿಲ್ಲ. ಉದಾಹರಣೆಗೆ, ಹರಿಯಾಣದ ಕರ್ನಾಲ್‌ನ ಗೋಧಿ-ಬಾರ್ಲಿ ಸಂಶೋಧನಾ ಸಂಸ್ಥೆ ರೂಪಿಸಿದ ಡಿಡಬ್ಲ್ಯುಆರ್‌ಯುಬಿ 52 ಎಂಬ ಮಾಲ್ಟ್ ಬಾರ್ಲಿ ದೇಶದ ವಾಯವ್ಯ ಬಯಲಿನ ದೀರ್ಘ ಚಳಿಗೆ, ಸಕಾಲದ ಬಿತ್ತನೆಗೆ ಹೇಳಿದ ತಳಿ. ಕಾಳಿನಲ್ಲಿ ಪ್ರೋಟೀನ್ ಮೊದಲು ತುಂಬಿ ಪಿಷ್ಟದ ಬಹುಪಾಲು ಆಮೇಲೆ ಸೇರುವುದರಿಂದ, ಹಾಲುಗಾಳಿನ ಹೊತ್ತಿಗೆ ಬಿಸಿಲೇರಿದರೆ ಪಿಷ್ಟಕ್ಕೆ ಅವಧಿ ಸಾಲದೆ ಕಾಳು ಸೊರಗಿ, ಪ್ರೋಟೀನಿನ ಪ್ರಮಾಣ ಏರುತ್ತದೆ. ಉತ್ತರದವರಿಗೂ ಇದು ತಪ್ಪಿದ್ದಲ್ಲ: 2022ರ ಮಾರ್ಚ್, ದೇಶದಲ್ಲಿ 1901ರಿಂದೀಚೆಗೆ ಅತಿ ಹೆಚ್ಚು ಬಿಸಿಲಿನ ಮಾರ್ಚ್ ಆಗಿತ್ತು. ನಮ್ಮಲ್ಲಿ ಚಳಿ ಮೊದಲೇ ಕಡಿಮೆ. ಬಿತ್ತನೆ ಡಿಸೆಂಬರಿಗೆ ಜಾರಿದರೆ, ಅದರ ಮೇಲೆ ತಡವಾಗಿ ಯೂರಿಯಾ ಕೊಟ್ಟರೆ, ಇಳುವರಿ ತಕ್ಕಮಟ್ಟಿಗೆ ಬಂದರೂ ಕಾಳು ಮಾಲ್ಟಿಗೆ ಒದಗದು. ಕಟಾವಿನ ಹೊತ್ತಿನ ಅಕಾಲಿಕ ಮಳೆಗೆ ತೆನೆಯಲ್ಲೇ ಮೊಳಕೆಯೊಡೆದ ಕಾಳಂತೂ ದನದ ಮೇವಿಗೇ ಸರಿ. ಅಂಥ ಲಾರಿಗಳನ್ನು ಕಾರ್ಖಾನೆಯ ಗೇಟಿನಿಂದ ಹಿಂದಿರುಗಿಸಬೇಕಾದಾಗ ರೈತರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಲೇಖನದಲ್ಲಿ ಬಾರ್ಲಿಯನ್ನು ‘ಜವೆಗೋಧಿ’ ಎಂದಿದ್ದೀರಿ. ನಿಘಂಟಿನಲ್ಲಿ ಆ ಅರ್ಥವಿದ್ದರೂ ಉತ್ತರ ಕರ್ನಾಟಕದ ರೈತರಿಗೆ ಜವೆಗೋಧಿಯೆಂದರೆ ಹುಗ್ಗಿಯ ಗೋಧಿ. ಬೀಜ ಕೊಳ್ಳುವಾಗ ಗೊಂದಲವಾದೀತು.

ಆದ್ದರಿಂದ ಯಾವ ತಳಿಯನ್ನು ಶಿಫಾರಸು ಮಾಡಿದರೂ ಅದನ್ನು ಎಲ್ಲಿ, ಯಾವ ವಾರ ಬಿತ್ತಿದಾಗ ಪ್ರೋಟೀನ್ ಎಷ್ಟು, ಜರಡಿಯ ಮೇಲೆ ನಿಂತ ಕಾಳು ಎಷ್ಟು ಎಂಬುದನ್ನೂ ದಯವಿಟ್ಟು ಪ್ರಕಟಿಸಿ. ಆಸಕ್ತ ರೈತರು ಮೊದಲ ವರ್ಷ ನಾಲ್ಕಾರು ಗುಂಟೆಯಲ್ಲಿ ಮಾತ್ರ, ನವೆಂಬರಿನ ಮೊದಲ ವಾರ ಅರ್ಧ ಮತ್ತು ಹದಿನೈದು ದಿನ ಬಿಟ್ಟು ಇನ್ನರ್ಧ ಬಿತ್ತಿ, ಎರಡೂ ರಾಶಿಯ ಕಾಳನ್ನು ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕಳುಹಿಸಲಿ.

— ಒಬ್ಬ ಓದುಗ, ಕೋಥ್ರೂಡ್, ಪುಣೆ