ಸುರಂಗದ ಅಣ್ಣನಿಗೆ, ಮತ್ತೆ ನಿಮಗೆಲ್ಲರಿಗೆ

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನನಗೆ ಏನಾಯಿತು, ಮಂಗಳೂರಿನ ಆಸ್ಪತ್ರೆಯಲ್ಲಿ ಎಷ್ಟು ದಿನ ಮಲಗಿದ್ದೆ, ಯಾವ ಸ್ಥಿತಿಯಲ್ಲಿ ಮನೆಗೆ ಮರಳಿದೆ ಎಂಬುದೆಲ್ಲ ಇದನ್ನು ಓದುವ ಹೆಚ್ಚಿನವರಿಗೆ ತಿಳಿದದ್ದೇ ಆದುದರಿಂದ ಅದನ್ನು ಪುನಃ ವಿವರಿಸುವುದಿಲ್ಲ. ಮೊನ್ನೆ ತಪಾಸಣೆಗೆ ಹೋದಾಗ, ಇನ್ನು ಆರು ತಿಂಗಳು ಈ ಕಡೆಗೆ ಬರಬೇಕಾಗಿಲ್ಲ ಎಂದು ವೈದ್ಯರು ಹೇಳಿ ಕಳುಹಿಸಿದರು. ಬಸ್ಸಿನಲ್ಲಿ ಕುಳಿತು ಮರಳುವಾಗ, ಹೇಳಬೇಕಾದವರಿಗೆ ಹೇಳಬೇಕಾದ ಮಾತನ್ನು ಹೇಳದೆ ಹತ್ತು ತಿಂಗಳು ಕಳೆದುಬಿಟ್ಟೆನಲ್ಲ ಎಂಬ ನಾಚಿಕೆ ಹತ್ತಿಕೊಂಡಿತು. ಕುಂಬಳೆಯಲ್ಲಿ ಬಸ್ಸು ಬದಲಿಸಿ ನೀರ್ಚಾಲಿಗೆ ತಲಪುವವರೆಗೂ ಅದು ಬಿಡಲಿಲ್ಲ.

ರಕ್ತ ಕೊಟ್ಟವರು, ಹಣ ಕೊಟ್ಟು ಲೆಕ್ಕ ಕೇಳದವರು, ಮನೆಯ ದನಗಳಿಗೆ ಎರಡು ಹೊತ್ತು ಹುಲ್ಲು ಹಾಕಿದವರು, ಗಲ್ಫಿನಿಂದ ಮಗ ಬಂದು ಇಳಿಯುವ ತನಕ ನನ್ನ ಹೆಂಡತಿಯನ್ನು ಒಬ್ಬಳೇ ಇರಗೊಡದವರು, ಇವರೆಲ್ಲರಿಗೂ ಕೈಮುಗಿದು ಕೃತಜ್ಞತೆ ಸಲ್ಲಿಸುತ್ತೇನೆ. ತೋಟಕ್ಕೆ ಎರಡನೆಯ ಸಲದ ಮದ್ದು ಬಿಟ್ಟ ಹುಡುಗರಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು. ಮೊದಲ ಮದ್ದಾಗಿ 40–45 ದಿನಗಳಲ್ಲಿ ಎರಡನೆಯದು ಆಗದಿದ್ದರೆ ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಯಾರ ಕಾಯಿಲೆಗೂ ಕಾಯುವುದಿಲ್ಲ ಎಂಬುದು ಅಡಿಕೆ ಬೆಳೆದವರಿಗೆ ಗೊತ್ತು. ಬಿಸಿಲು ಕಂಡದ್ದು ಎರಡೇ ದಿನ. ಆ ಎರಡು ದಿನಗಳಲ್ಲಿ ತಮ್ಮ ತೋಟವನ್ನು ಬದಿಗಿಟ್ಟು, ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂದು ನಾನೇ ನಿಂತು ಅಳೆದಷ್ಟು ಸರಿಯಾಗಿ ಕಲಸಿ, ನನ್ನ ಮರಗಳಿಗೆ ಬಿಟ್ಟು ಹೋದರು. ಈ ವರ್ಷ ಅಂಗಳದಲ್ಲಿ ಒಣಗಿದ ಅಡಿಕೆ ಅವರದೇ ಎನ್ನಬೇಕು.

ಇಷ್ಟು ಹೇಳಿದ ಮೇಲೆ ಉಳಿದದ್ದೆಲ್ಲ ಒಬ್ಬರ ಕುರಿತು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಸುರಂಗದ ಅಣ್ಣ ಎನ್ನುತ್ತಾರೆ. ಮನೆಮಾತು ಮರಾಟಿ, ಊರಮಾತು ತುಳು, ಪೇಟೆಗೆ ಹೋದರೆ ಮಲೆಯಾಳ, ನನ್ನೊಡನೆ ಮಾತ್ರ ಕನ್ನಡ. ಕಾಸರಗೋಡು ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾದ 1984ರ ಬೇಸಗೆಯಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಸುರಂಗ ಕೊರೆದವರು ಅವರು ಮತ್ತು ಅವರ ಅಣ್ಣ. ಹೊರಗಿನ ಊರಿನ ಗೆಳೆಯರಿಗಾಗಿ ಒಂದು ಮಾತು: ನಮ್ಮಲ್ಲಿ ಸುರಂಗವೆಂದರೆ ರೈಲು ಹೋಗುವುದಲ್ಲ. ಮುರಕಲ್ಲಿನ ಗುಡ್ಡದ ಬದಿಗೆ, ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಎತ್ತರ ಅಗಲಕ್ಕೆ, ಅಡ್ಡಲಾಗಿ ಒಳಗೆ ಒಳಗೆ ಕೊರೆದು ಒರತೆಯನ್ನು ಹುಡುಕುವ ಕೆಲಸ ಅದು. ಸಿಕ್ಕಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಹೊರಗಿನ ಮದಕಕ್ಕೆ, ಅಂದರೆ ನೀರು ನಿಲ್ಲಿಸುವ ಕೆರೆಗೆ, ಬೀಳುತ್ತದೆ. ಕೂಲಿ ಕೋಲಿನ ಲೆಕ್ಕದಲ್ಲಿ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ.

ಆ ರಾತ್ರಿ ಅವರು ನನ್ನನ್ನು ಆಸ್ಪತ್ರೆಗೆ ಒಯ್ಯಲೆಂದು ಬಂದವರೇ ಅಲ್ಲ. ಮಳೆಗೆ ಓಣಿಯ ಕೆಸರಿನಲ್ಲಿ ಜೀಪು ಹೂತಿತ್ತು. ದೂಡಲು ಜನ ಬೇಕೆಂದು ಯಾರೋ ಕೂಗಿದ್ದಕ್ಕೆ ಟಾರ್ಚು ಹಿಡಿದು ಬಂದರು. ಜೀಪು ಮೇಲೆ ಬಂದೊಡನೆ, ಕೆಸರು ಮೆತ್ತಿದ ಕಾಲು, ಒದ್ದೆ ಪಂಚೆಯಲ್ಲೇ ಹತ್ತಿ ಕುಳಿತು ನನ್ನ ತಲೆಯನ್ನು ತೊಡೆಯ ಮೇಲಿರಿಸಿಕೊಂಡರು. ಕೊರೊನಾ ಕಾಲದ 2020ರ ಮಾರ್ಚ್ ಕೊನೆಯಲ್ಲಿ ಕೇರಳ–ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ನಮ್ಮ ಜಿಲ್ಲೆಯ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದಿರುಗಬೇಕಾದುದನ್ನು ಕಂಡವರಿಗೆ ಆ ಗಡಿ ದಾಟುವಾಗ ಈಗಲೂ ಎದೆ ಒಮ್ಮೆ ತಡೆಯುತ್ತದೆ. ನನಗೂ ಆ ಅರೆಪ್ರಜ್ಞೆಯಲ್ಲಿ ಅದೇ ನೆನಪಾಗಿ, ತಲಪಾಡಿ ದಾಟಿತೇ, ದಾಟಿತೇ ಎಂದು ಕೇಳುತ್ತಲೇ ಇದ್ದೆನಂತೆ. ದಾಟಿತು ಎಂದು ಅವರು ಉಪ್ಪಳದಿಂದಲೇ ಹೇಳತೊಡಗಿದ್ದರಂತೆ. ಅವರು ನನಗೆ ಹೇಳಿದ ಸುಳ್ಳು ಅದೊಂದೇ ಎಂದು ನಂಬಿದ್ದೇನೆ.

ನಾನು ಹೇಳಬೇಕೆಂದಿರುವುದು ಮೂರನೆಯ ರಾತ್ರಿಯ ಸಂಗತಿ. ಮಗ ಇನ್ನೂ ಬಂದಿರಲಿಲ್ಲ. ಹೆಂಡತಿಯನ್ನು ಸಂಬಂಧಿಕರ ಮನೆಗೆ ಒತ್ತಾಯದಿಂದ ಮಲಗಲು ಕಳುಹಿಸಿದ್ದರು. ನನ್ನನ್ನು ಕೋಣೆಗೆ ತಂದಿದ್ದರು. ಅಪಾಯ ದಾಟಿತೆಂದು ಹೇಳಿದ್ದರು. ಆದರೆ ಮನಸ್ಸಿಗೆ ಅದು ತಿಳಿದಿರಲಿಲ್ಲ. ಆ ರಾತ್ರಿ ನಾನು ಮೂವತ್ತು ವರ್ಷ ಪಾಠ ಹೇಳಿದ ಮಾಸ್ಟ್ರಂತೆ ನಡೆದುಕೊಳ್ಳಲಿಲ್ಲ. ಕೈಯ ಸೂಜಿಯನ್ನು ಕಿತ್ತೆಸೆಯಲು ನೋಡಿದೆ. ಮನೆಗೆ ಕರೆದುಕೊಂಡು ಹೋಗು, ಆಗುವುದು ಅಲ್ಲೇ ಆಗಲಿ, ಹೀಗೆ ಒಬ್ಬರಿಗೆ ಭಾರವಾಗಿ ಬದುಕಲು ನನ್ನಿಂದಾಗದು ಎಂದು ಮಗುವಿನಂತೆ ಅತ್ತೆ. ನೀನು ಯಾಕೆ ಇಲ್ಲಿ ಕುಳಿತಿದ್ದೀ, ನನಗೆ ನೀನು ಯಾರು, ಎದ್ದು ಹೋಗು ಎಂದೂ ಅಂದೆ. ಬಹುವಚನದಲ್ಲಿ ಮಾತನಾಡಿಸುತ್ತಿದ್ದವರಿಗೆ ಆ ರಾತ್ರಿ ಏಕವಚನ ಬಂದಿತ್ತು. ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ, ಆದರೆ ಇದನ್ನು ಬಿಟ್ಟು ಅವರಿಗೆ ಕೃತಜ್ಞತೆ ಹೇಳಿದರೆ ಅದು ಅರ್ಧವೇ ಆದೀತು.

ಅವರು ಎದ್ದು ಹೋಗಲಿಲ್ಲ. ಎಲ್ಲರೂ ತುಳುವಿನಲ್ಲಿ ಹೇಳುವಂತೆ ‘ಪೋಡ್ಯೊಡ್ಚಿ’, ಹೆದರಬೇಡ, ಎನ್ನಲಿಲ್ಲ. ಧೈರ್ಯ ತಂದುಕೊಳ್ಳಿ ಎನ್ನಲಿಲ್ಲ. ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ದಾದಿಯನ್ನು ಮಲೆಯಾಳದಲ್ಲಿ ಕರೆದು ಸೂಜಿಯನ್ನು ಸರಿಮಾಡಿಸಿ, ದೀಪ ಸಣ್ಣದು ಮಾಡಿ ಕುಳಿತರು. ಬಹಳ ಹೊತ್ತಿನ ನಂತರ, ಯಾರನ್ನೂ ಉದ್ದೇಶಿಸದವರಂತೆ, ಬಾಯಾರಿನ ಕಡೆ ತಾವು ಕೊರೆದ ಒಂದು ಸುರಂಗದ ಕಥೆ ಹೇಳತೊಡಗಿದರು.

ನಲವತ್ತೆರಡು ಕೋಲು ಕೊರೆದರಂತೆ. ನೀರು ಬರಲಿಲ್ಲ. ಮೂವತ್ತನೆಯ ಕೋಲಿನಲ್ಲಿ ಮಣ್ಣು ತಂಪಾಗಿತ್ತು, ಆಸೆಯಾಯಿತು. ಮೂವತ್ತೈದರಲ್ಲಿ ಪುನಃ ಒಣ ಕಲ್ಲು. ಕೊನೆಗೆ ಧಣಿ ಅರ್ಧ ಕೂಲಿ ಕೊಟ್ಟು ಸಾಕೆಂದರು. ನೀರು ಮುಂದಿನ ಕೋಲಿನಲ್ಲಿ ಸಿಕ್ಕಿತೆಂದು ಹೇಳುವರೆಂದು ನಾನು ಕಾದೆ. ಅವರು ಹೇಳಲಿಲ್ಲ, ಸಿಕ್ಕಿರಲೂ ಇಲ್ಲ. “ಮತ್ತೆ ಏನು ಮಾಡಿದಿರಿ?” ಎಂದು ಕೇಳಿದೆ. “ಮರುದಿನ ಬೇರೆಯವರ ಗುಡ್ಡಕ್ಕೆ ಹೋದೆವು ಮಾಸ್ಟ್ರೇ. ಅಕ್ಕಿ ಬೇಕಲ್ಲ” ಎಂದರು. ಮೂರು ದಿನಗಳಲ್ಲಿ ಮೊದಲ ಬಾರಿ ನನಗೆ ನಗು ಬಂತು. ನಕ್ಕಾಗ ನೋವೂ ಬಂತು.

ಆಮೇಲೆ ದೀಪದ ವಿಷಯ ಹೇಳಿದರು. ಒಳಗೆ ಹೋಗುವಾಗ ಮೋಂಬತ್ತಿ ಹೊತ್ತಿಸಿಕೊಂಡೇ ಹೋಗುತ್ತಾರೆ. ಅದು ಬೆಳಕಿಗೆ ಮಾತ್ರವಲ್ಲ. ಗಾಳಿ ಕಡಿಮೆಯಾದರೆ ಮನುಷ್ಯನಿಗೆ ತಿಳಿಯುವ ಮೊದಲು ದೀಪಕ್ಕೆ ತಿಳಿಯುತ್ತದೆ. ಅದು ಕುಂದತೊಡಗಿದರೆ ಪಿಕ್ಕಾಸನ್ನು ಅಲ್ಲಿಯೇ ಬಿಟ್ಟು ಹೊರಗೆ ಬರಬೇಕು. ಹಾಗೆ ಬಂದವನನ್ನು ಯಾರೂ ಹೇಡಿ ಎನ್ನುವುದಿಲ್ಲ. ಸುರಂಗದ ಬಾಯಿಯಲ್ಲಿ ಕುಳಿತು ಒಂದು ಬೀಡಿ ಸೇದಿ, ಗಾಳಿ ಆಡಿದ ಮೇಲೆ ಪುನಃ ಹೋಗಬೇಕು. “ನಿಮ್ಮದು ಈಗ ದೀಪ ಕುಂದಿದ್ದು. ಇವತ್ತು ಯಾವುದನ್ನೂ ತೀರ್ಮಾನ ಮಾಡುವುದು ಬೇಡ, ಸುಮ್ಮನೆ ಮಲಗಿ” ಎಂದು ಹೊದಿಕೆ ಎಳೆದರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಅವರು ಅದೇ ಸ್ಟೂಲಿನ ಮೇಲೆ, ಗೋಡೆಗೆ ತಲೆಯಾನಿಸಿ ಕುಳಿತೇ ನಿದ್ರಿಸಿದ್ದರು. ಪಂಚೆಯ ಅಂಚಿನಲ್ಲಿ ನಮ್ಮ ಓಣಿಯ ಕೆಂಪು ಮಣ್ಣು ಒಣಗಿ ಅಂಟಿತ್ತು.

ಈ ಹತ್ತು ತಿಂಗಳಲ್ಲಿ ನಾನು ಹೆಚ್ಚು ಯೋಚಿಸಿದ್ದು ಆ ರಾತ್ರಿಯನ್ನಲ್ಲ, ಅದಕ್ಕೂ ಮೊದಲಿನ ನನ್ನ ಮೂವತ್ತು ವರ್ಷಗಳನ್ನು. ದಿನಕ್ಕೊಂದು ಸುಭಾಷಿತವನ್ನು ಕಪ್ಪುಹಲಗೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆಸಿದವನು ನಾನು. ‘ಧೈರ್ಯಂ ಸರ್ವತ್ರ ಸಾಧನಂ’ ಎಂದು ಬರೆಸಿದ ಸಲಗಳಿಗೆ ಲೆಕ್ಕವಿಲ್ಲ. ಒಮ್ಮೆ, ತಂದೆಯನ್ನು ಕಳೆದುಕೊಂಡು ವಾರದ ನಂತರ ಶಾಲೆಗೆ ಬಂದ ಒಬ್ಬ ಹುಡುಗನ ಹೆಗಲು ತಟ್ಟಿ, ನಗುನಗುತ್ತಾ ಇರಬೇಕು ಎಂದು ಹೇಳಿ, ಹಾಜರಿ ಪುಸ್ತಕ ತೆರೆದಿದ್ದೆ. ಅವನು ತಲೆಯಾಡಿಸಿದ್ದ. ಆ ತಲೆಯಾಡಿಸಿದ ರೀತಿ ಈಗ ನೆನಪಾಗುತ್ತದೆ. ಅವನ ಬಳಿ ಅರ್ಧ ಗಂಟೆ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಪಾಠ ಒಂದು ದಿನ ಹಿಂದೆ ಬಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಇದನ್ನು ಓದಿದರೆ, ಕೃತಜ್ಞತೆಯ ಬರಹದ ನಡುವೆ ಈ ಕ್ಷಮಾಪಣೆಯನ್ನೂ ಸ್ವೀಕರಿಸಬೇಕು.

ಸೂರ್ಯೋದಯದ ಚಿತ್ರದ ಮೇಲೆ ಧನಾತ್ಮಕವಾಗಿ ಯೋಚಿಸಿರಿ ಎಂದು ಬರೆದು ಪ್ರತಿದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳುಹಿಸುತ್ತಿದ್ದ ಮಿತ್ರರು ಬೇಸರಿಸಬಾರದು. ನಿಮ್ಮ ಪ್ರೀತಿ ನನಗೆ ತಿಳಿದಿತ್ತು, ಆದರೆ ಆ ಚಿತ್ರಗಳನ್ನು ನೋಡಿ ಎದ್ದು ಕುಳಿತವನು ನಾನಲ್ಲ. ಗಟ್ಟಿ ಮನಸ್ಸೆಂದರೆ ಕುಂದದ ದೀಪ ಎಂದು ನಾನು ತಿಳಿದಿದ್ದೆ. ಈಗ ನಮ್ಮ ಮನೆಯಲ್ಲಿ ‘ದೀಪ ಕುಂದಿದೆ’ ಎಂಬುದು ದಿನಬಳಕೆಯ ಮಾತಾಗಿದೆ. ನಾನು ಹಾಗೆಂದರೆ ಹೆಂಡತಿ ಹೆಚ್ಚು ಕೇಳದೆ ಚಾವಡಿಯಲ್ಲಿ ಒಂದು ಲೋಟ ಕಾಫಿ ಇಟ್ಟು ಹೋಗುತ್ತಾಳೆ. ಅವಳು ಹಾಗೆಂದ ದಿನ ಅಡುಗೆ ನನ್ನದು, ಗಂಜಿಗೆ ಮಿಡಿಮಾವಿನ ಉಪ್ಪಿನಕಾಯಿ, ಅಷ್ಟೇ. ಅವಳಿಗೆ ಇಲ್ಲಿ ಕೃತಜ್ಞತೆ ಬರೆಯಕೂಡದೆಂದು ಅವಳೇ ತಾಕೀತು ಮಾಡಿರುವುದರಿಂದ ಈ ಒಂದು ಸಾಲಿಗೆ ನಿಲ್ಲಿಸಿದ್ದೇನೆ.

ಮನೆಗೆ ಮರಳಿದ ಮೇಲೆ ನಡೆಯುವುದನ್ನು ಕಲಿಸಿದವರೂ ಸುರಂಗದ ಅಣ್ಣನೇ. ವೈದ್ಯರು ದಿನಕ್ಕೆ ಇಷ್ಟು ಹೆಜ್ಜೆ ಎಂದು ಬರೆದುಕೊಟ್ಟಿದ್ದರು. ಆ ಅಂಕೆಯನ್ನು ನೋಡಿದರೇ ಸುಸ್ತಾಗುತ್ತಿತ್ತು. ಅವರು ತಮ್ಮ ಹಳೆಯ ಅಳತೆಯ ಕೋಲನ್ನು ತಂದು, ಜಗಲಿಯಿಂದ ಸುರಂಗದ ಬಾಯಿಯವರೆಗೆ ಅಳೆದು, ಅರುವತ್ತೆಂಟು ಕೋಲು ಎಂದು ಘೋಷಿಸಿದರು. ಮೊದಲ ದಿನ ಮೂರು ಕೋಲು ನಡೆದೆ, ತುಳಸಿಕಟ್ಟೆಯ ತನಕವೂ ಅಲ್ಲ. ಒಂದು ವಾರದಲ್ಲಿ ಹನ್ನೆರಡು. ದೀಪಾವಳಿಯ ಹೊತ್ತಿಗೆ ಜ್ವರ ಬಂದು ಪುನಃ ಐದಕ್ಕೆ ಇಳಿಯಿತು. ಇಳಿದ ದಿನ ಅವರು ಮುಖ ಬಾಡಿಸಲೂ ಇಲ್ಲ, ಹುರಿದುಂಬಿಸಲೂ ಇಲ್ಲ. ಐದು ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದು, ಚಹಾ ಕುಡಿದು ಹೋದರು. ಶಿವರಾತ್ರಿ ಕಳೆದು ಒಂದು ಬೆಳಿಗ್ಗೆ ನಾನು ಸುರಂಗದ ಬಾಯಿಗೆ ತಲಪಿ, ಒಳಗಿನಿಂದ ಬರುವ ತಂಪು ಗಾಳಿಗೆ ಮುಖವೊಡ್ಡಿ ನಿಂತಾಗ ಅವರು ಜೊತೆಯಲ್ಲಿರಲಿಲ್ಲ, ಯಾರದೋ ತೋಟದ ಕೆಲಸಕ್ಕೆ ಹೋಗಿದ್ದರು. ಸಂಜೆ ತಿಳಿಸಿದೆ. “ನೀರು ಎಷ್ಟು ಬೀಳುತ್ತಿದೆ?” ಎಂದು ಕೇಳಿದರು. ನಾನು ನೋಡಿರಲಿಲ್ಲ.

ಅವರಿಗೆ ಹಣ ಕೊಡಲು ಹೋಗಿ ಬೈಸಿಕೊಂಡಿದ್ದೇನೆ. ಪಂಚೆ ಕೊಟ್ಟೆ, ಅದನ್ನು ಸ್ವೀಕರಿಸಿದರು. ಅಂದು ಒದ್ದೆಯಾದ ಪಂಚೆಯ ಕಲೆ ಹೋಗಲಿಲ್ಲವೆಂಬುದು ಅವರ ಕಾರಣ. ಈ ಬರಹವನ್ನು ಅವರಿಗೆ ಓದಿ ಹೇಳಬೇಕೆಂದು ನನ್ನ ಆಸೆ, ಆದರೆ ಎರಡನೆಯ ಪರಿಚ್ಛೇದಕ್ಕೆ ಎದ್ದು ಹೋಗುವರೆಂದು ಗೊತ್ತಿದೆ.

ನಿನ್ನೆ ಸಂಜೆ ಬಂದಿದ್ದರು. ಮಳೆಗಾಲದ ಹೊಸ್ತಿಲಿನ ದಿನವಾದ ಪತ್ತನಾಜೆ ಹತ್ತಿರವಾಯಿತು, ಮಳೆ ಹಿಡಿಯುವ ಮೊದಲು ಸುರಂಗದೊಳಗೆ ಕುಸಿದ ಮಣ್ಣನ್ನು ತೆಗೆಯಬೇಕು, ಕಳೆದ ವರ್ಷ ನಿಮ್ಮ ಗಲಾಟೆಯಲ್ಲಿ ಅದು ಬಿಟ್ಟುಹೋಯಿತು ಎಂದರು. ಅವರಿಗೀಗ ಮೊಣಕಾಲು ನೋವು. ಒಳಗೆ ಬಗ್ಗಿ ಹೋಗಲು ಅಣ್ಣನ ಮಗನನ್ನು ಕರೆತರುತ್ತಾರಂತೆ. ನಾನೇನು ಮಾಡಲಿ ಎಂದು ಕೇಳಿದ್ದಕ್ಕೆ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಬಾಯಿಯಲ್ಲಿ ಕುಳಿತು ದೀಪ ನೋಡುತ್ತಾ ಇರಿ ಎಂದರು. ಶನಿವಾರ ಬೆಳಿಗ್ಗೆ ಏಳಕ್ಕೆ ಕೆಲಸ. ಮೋಂಬತ್ತಿ ಎರಡು ಕಟ್ಟು ತಂದಿಟ್ಟಿದ್ದೇನೆ.