ಒಂದು ಸೋಲಿಗೆ ಇಡೀ ವರ್ಷ ಮುಗಿಯಬೇಕಾ?

ಮಾನ್ಯ ಸಂಪಾದಕರೇ,

ಅಂತರ ಕಾಲೇಜು ಪುರುಷರ ಬಾಸ್ಕೆಟ್‌ಬಾಲ್ ಬಗ್ಗೆ ಮೊನ್ನೆ ನಿಮ್ಮ ಕ್ರೀಡಾಪುಟದ ಕೆಳಮೂಲೆಯಲ್ಲಿ ಮೂರು ಸಾಲು ಬಂದಿತ್ತು. ಯಾರು ಗೆದ್ದರು, ಯಾರು ಸೋತರು, ಅಷ್ಟೇ. ಕ್ರಿಕೆಟ್ಟಿಗೆ ಮುಕ್ಕಾಲು ಪುಟ ಹೋದ ಮೇಲೂ ಇಷ್ಟು ಜಾಗ ಸಿಕ್ಕಿತಲ್ಲ ಅಂತ ಖುಷಿಯೇ ಆಯಿತು. ಆದರೆ ಆ ಪಂದ್ಯದ ಸ್ಕೋರ್‌ಶೀಟ್ ಬರೆದವನು ನಾನು. ಸೋತ ಹುಡುಗರ ಬಗ್ಗೆ ಒಂದು ಮಾತು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಊರು ಕುಂದಾಪುರದ ಹತ್ತಿರ. 1974ರಲ್ಲಿ ಮುಂಬಯಿಗೆ ಬಂದು ನಾಗಪಾಡಾ ಕಡೆಯ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ. ರಾತ್ರಿ ಕನ್ನಡ ಶಾಲೆ. ನಾಗಪಾಡಾ ಅಂದರೆ ಈ ನಗರದ ಬಾಸ್ಕೆಟ್‌ಬಾಲಿಗೆ ತವರುಮನೆ. ಮಸ್ತಾನ್ ವೈಎಂಸಿಎ ಕೋರ್ಟಿನಲ್ಲಿ, ನೈಬರ್‌ಹುಡ್ ಹೌಸಿನಲ್ಲಿ ಸಂಜೆಯಾದರೆ ಚೆಂಡಿನ ಸದ್ದು. ಭಾರತ ತಂಡದ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಾಸಿರ್ ಅದೇ ಗಲ್ಲಿಗಳವರು. ಚಹಾ ಕುಡಿಯಲು ಬರುವ ಹುಡುಗರೆಲ್ಲರ ಬಾಯಲ್ಲೂ ಅವರದೇ ಹೆಸರು. ನನಗೆ ಎತ್ತರ ಬರಲಿಲ್ಲ, ಲೆಕ್ಕ ಬಂತು. ಹಾಗಾಗಿ ಆಟಗಾರನಾಗದೆ ಸ್ಕೋರರ್ ಆದೆ. ಬ್ಯಾಂಕಿನ ಲೆಡ್ಜರ್ ಬಿಟ್ಟರೂ ಈ ಶೀಟ್ ಬಿಡಲಿಲ್ಲ.

ಈಗ ಆ ಸೋತ ತಂಡದ ವಿಷಯ. ಕಾಲೇಜಿನ ಹೆಸರು ಬೇಡ. ಹನ್ನೆರಡು ಹುಡುಗರಲ್ಲಿ ಇಬ್ಬರು ನಮ್ಮ ಕನ್ನಡದವರು. ಒಬ್ಬನ ತಂದೆ ಡೊಂಬಿವಲಿಯಲ್ಲಿ ಚಿಕ್ಕ ಕ್ಯಾಂಟೀನ್ ನಡೆಸುತ್ತಾರೆ. ಬೆಳಿಗ್ಗೆ ಆರೂವರೆಗೆ ಪ್ರಾಕ್ಟೀಸ್. ಅಷ್ಟು ಬೇಗ ಯಾಕೆ ಅಂದರೆ, ಎಂಟು ಗಂಟೆಯ ಮೇಲೆ ಕೋರ್ಟಿನಲ್ಲಿ ಸ್ಟಾಫ್ ಬೈಕು ನಿಲ್ಲಿಸುತ್ತಾರೆ. ಹುಡುಗ ಐದರ ಆಸುಪಾಸಿನ ಲೋಕಲ್ ಹಿಡಿಯಬೇಕು. ಬ್ಯಾಗಿನಲ್ಲಿ ಶೂ, ಟವೆಲು, ಅಮ್ಮ ಕಟ್ಟಿಕೊಟ್ಟ ಚಪಾತಿ. ಪ್ರಾಕ್ಟೀಸ್ ಮುಗಿಸಿ ಸೀದಾ ಕ್ಲಾಸಿಗೆ, ಯಾಕೆಂದರೆ ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕುತ್ತು.

ಜೂನ್‌ನಲ್ಲಿ ಶುರು ಮಾಡಿದರು. ಮುಂಬಯಿಯ ಜೂನ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಿಮೆಂಟ್ ಕೋರ್ಟ್, ಮೇಲೆ ಚಾವಣಿ ಇಲ್ಲ. ಎರಡು ಮಳೆ ಬಿದ್ದರೆ ಪಾಚಿ. ಹುಡುಗರೇ ಬ್ಲೀಚಿಂಗ್ ಪುಡಿ ಹಾಕಿ, ಕಡ್ಡಿ ಪೊರಕೆಯಲ್ಲಿ ಉಜ್ಜಿ, ನೀರು ತಳ್ಳಿ ಆಡಬೇಕು. ಜೋರು ಮಳೆ ಬಂದ ದಿನ ಕೆಳಗಿನ ಕಾರಿಡಾರಿನಲ್ಲಿ ಡ್ರಿಬಲ್ ಮಾಡುತ್ತಿದ್ದರಂತೆ. ವಾಚ್‌ಮನ್ ಗದರಿದರೆ ಮೆಟ್ಟಿಲು ಹತ್ತಿಳಿಯುವುದು. ಗಣಪತಿ ಹಬ್ಬದ ಹೊತ್ತಿಗೆ ಅರ್ಧ ಕೋರ್ಟಿನಲ್ಲಿ ಮಂಟಪ. ಕೋಚ್ ಪಾಪ, ಇನ್ನೊಂದು ಕಡೆ ನೌಕರಿಯಲ್ಲಿರುವವರು, ಗೌರವಧನಕ್ಕೆ ಬರುತ್ತಾರೆ. ಅವರು ಕಲಿಸಿದ್ದು ಮುಖ್ಯವಾಗಿ ಎರಡೇ ವಿಷಯ: ಡಿಫೆನ್ಸ್‌ನಲ್ಲಿ ಕಾಲು ಆಡಿಸುವುದು, ಬಾಲ್ ಸಿಕ್ಕಿದ ಕೂಡಲೇ ರಿಂಗಿಗೆ ಎಸೆಯದೆ ಇನ್ನೊಂದು ಪಾಸ್ ಕೊಡುವುದು. ಇದು ನನ್ನ ಶೀಟಿನಲ್ಲಿ ಕಾಣುತ್ತಿತ್ತು. ಒಬ್ಬನೇ ಎಲ್ಲ ಪಾಯಿಂಟ್ ಹೊಡೆಯುವ ತಂಡ ಅಲ್ಲ ಇದು. ಬಾಸ್ಕೆಟ್ ಹಾಕಿದವರ ನಂಬರ್ ಬರೆಯುತ್ತಾ ಹೋದರೆ ಏಳೆಂಟು ನಂಬರ್ ಬರುತ್ತಿದ್ದವು.

ಮೊದಲ ಪಂದ್ಯ ಸುಲಭವಾಗಿ ಗೆದ್ದರು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಎರಡನೆಯದು ನೀವು ಮೂರು ಸಾಲಿನಲ್ಲಿ ಹಾಕಿದ ಪಂದ್ಯ. ಶೀಟಿನಲ್ಲಿ ಮೊದಲ ಮತ್ತು ಮೂರನೇ ಕ್ವಾರ್ಟರ್ ಕೆಂಪು ಪೆನ್ನಿನಲ್ಲಿ ಬರೆಯಬೇಕು, ಎರಡು ಮತ್ತು ನಾಲ್ಕನೆಯದು ನೀಲಿ ಅಥವಾ ಕಪ್ಪಿನಲ್ಲಿ. ಮೂರನೇ ಕ್ವಾರ್ಟರಿನ ಕೆಂಪು ಮುಗಿಯುವಾಗ ಈ ಹುಡುಗರು ಆರು ಪಾಯಿಂಟ್ ಮುಂದಿದ್ದರು. ನೀಲಿಯಲ್ಲಿ ಎಲ್ಲ ತಲೆಕೆಳಗಾಯಿತು. ಇನ್ನೂ ನಾಲ್ಕು ನಿಮಿಷ ಬಾಕಿ ಇರುವಾಗ ಆಟ ನಡೆಸುವ ಹುಡುಗ, ಅಂದರೆ ಪಾಯಿಂಟ್ ಗಾರ್ಡ್‌ಗೆ ಐದನೇ ಫೌಲ್. ಐದಾದರೆ ಹೊರಗೆ. ಆ ಕ್ವಾರ್ಟರಿನಲ್ಲಿ ತಂಡದ ಫೌಲೂ ನಾಲ್ಕು ದಾಟಿತ್ತು, ಅಂದರೆ ಆಮೇಲೆ ಪ್ರತಿ ಫೌಲಿಗೆ ಎದುರಾಳಿಗೆ ಎರಡು ಫ್ರೀ ಥ್ರೋ. ಅವರು ಒಂದೊಂದೇ ಪಾಯಿಂಟ್ ಏರಿಸಿ ಒಂದು ಪಾಯಿಂಟ್ ಮುಂದೆ ಹೋದರು. ಹದಿನೆಂಟು ಸೆಕೆಂಡ್ ಉಳಿದಿದೆ. ಆಗ ಇಬ್ಬರು ಚೆಂಡು ಹಿಡಿದು ಎಳೆದಾಡಿದರು, ರೆಫರಿ ಎರಡೂ ಹೆಬ್ಬೆರಳು ಮೇಲೆತ್ತಿದರು.

ಇಲ್ಲಿ ಓದುಗರಿಗೆ ಒಂದು ನಿಯಮ ಹೇಳಬೇಕು. ಪಂದ್ಯದ ಆರಂಭದಲ್ಲಿ ಮಾತ್ರ ಚೆಂಡನ್ನು ಮೇಲೆ ಎಸೆದು ಇಬ್ಬರನ್ನು ಹಾರಿಸುತ್ತಾರೆ. ಆಮೇಲೆ ಇಂಥ ಎಳೆದಾಟ ಆದಾಗೆಲ್ಲ ಸರದಿ. ಯಾರ ಸರದಿ ಅಂತ ತೋರಿಸಲು ನಮ್ಮ ಮೇಜಿನ ಮೇಲೆ ಒಂದು ಬಾಣ ಇರುತ್ತದೆ. ಅದನ್ನು ತಿರುಗಿಸುವವನು ಸ್ಕೋರರ್, ಅಂದರೆ ನಾನು. ಬಾಣ ಎದುರಾಳಿ ಕಡೆಗೆ ಇತ್ತು. ಹಿಂದಿನಿಂದ "ಟೇಬಲ್! ಟೇಬಲ್!" ಅಂತ ಕೂಗಾಟ. ನಾನೇನು ಮಾಡಲಿ? ಡೊಂಬಿವಲಿಯ ಹುಡುಗ ಒಂದು ಸಲ ನನ್ನನ್ನೇ ನೋಡಿದ. ಮೇಜಿನ ಮುಂದೆ ಕೂತವನಿಗೆ ಊರೂ ಇಲ್ಲ, ಭಾಷೆಯೂ ಇಲ್ಲ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು; ಉಳಿದ ಸಮಯ ಅದಕ್ಕಿಂತ ಕಡಿಮೆ, ಹಾಗಾಗಿ ಎದುರಾಳಿಗಳು ಶಾಟ್ ಹೊಡೆಯಲೇಬೇಕು ಅಂತಿಲ್ಲ. ಈ ಹುಡುಗರು ಬೇಕೆಂದೇ ಫೌಲ್ ಮಾಡಿ ಗಡಿಯಾರ ನಿಲ್ಲಿಸಿದರು. ಎದುರಾಳಿ ಎರಡೂ ಫ್ರೀ ಥ್ರೋ ತಪ್ಪಿಸಿದ! ಪುಟಿದು ಬಂದ ಚೆಂಡು ಇವರಿಗೆ ಸಿಕ್ಕಿತು, ಓಡಿದರು, ಅರ್ಧ ಕೋರ್ಟಿನಿಂದ ಎಸೆದ ಚೆಂಡು ರಿಂಗಿಗೆ ತಾಗಿ ಆಚೆ ಬಿತ್ತು. ಒಂದು ಪಾಯಿಂಟಿನ ಸೋಲು.

ಸೋಲು ಇರಲಿ. ಆಟ ಅಂದ ಮೇಲೆ ಯಾರಾದರೂ ಸೋಲಲೇಬೇಕು, ಅಲ್ವಾ? ನನ್ನ ತಕರಾರು ಬೇರೆ. ಟೂರ್ನಿ ನಾಕೌಟ್, ಒಮ್ಮೆ ಸೋತರೆ ಹೊರಗೆ. ಜೂನ್‌ನಿಂದ ಪಾಚಿ ಉಜ್ಜಿದ ಹುಡುಗರ ಸೀಸನ್ ಎರಡು ಪಂದ್ಯಕ್ಕೆ ಮುಗಿಯಿತು. ಒಂದು ಪಂದ್ಯ ಅಂದರೆ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ನಲವತ್ತು ನಿಮಿಷ. ಎರಡಕ್ಕೆ ಎಂಬತ್ತು. ಮೊದಲ ಸುತ್ತಿನಲ್ಲೇ ಸೋತವರಿಗೆ ಅದೂ ಇಲ್ಲ. ವಿಶ್ವವಿದ್ಯಾಲಯ ತಂಡಕ್ಕೆ ಹುಡುಗರನ್ನು ಆರಿಸುವವರು ಇಂಥ ಪಂದ್ಯ ನೋಡಿಯೇ ಆರಿಸಬೇಕು. ಅಲ್ಲಿಂದ ಪಶ್ಚಿಮ ವಲಯ, ಆಮೇಲೆ ಅಖಿಲ ಭಾರತ. ಒಂದು ಕೆಟ್ಟ ಮಧ್ಯಾಹ್ನಕ್ಕೆ ಆ ದಾರಿಯೆಲ್ಲ ಬಂದ್.

ಅಮೆರಿಕದ ಕಾಲೇಜು ತಂಡಗಳ ವಿಷಯ ನೋಡಿ. ಅಲ್ಲೂ ಕೊನೆಗೆ ನಾಕೌಟ್ ಇದೆ. ಮಾರ್ಚ್‌ನಲ್ಲಿ ಅರವತ್ತಕ್ಕೂ ಹೆಚ್ಚು ತಂಡಗಳು, ಸೋತರೆ ಮನೆಗೆ. ಆದರೆ ಅದಕ್ಕೆ ಮೊದಲು ನವೆಂಬರಿನಿಂದ ಒಂದೊಂದು ತಂಡ ಸುಮಾರು 30 ಪಂದ್ಯ ಆಡಿರುತ್ತದೆ. ನವೆಂಬರಿನಲ್ಲಿ ಫೌಲ್ ಜಾಸ್ತಿ ಮಾಡುವ ಹುಡುಗ ಫೆಬ್ರವರಿಗೆ ತಿದ್ದಿಕೊಂಡಿರುತ್ತಾನೆ. ನಮಗೆ ಮೂವತ್ತು ಬೇಡ ಸ್ವಾಮಿ. ಐದಾರು ಕೊಡಿ ಸಾಕು.

ಲೆಕ್ಕ ಹೀಗಿದೆ. ಹದಿನಾರು ತಂಡಗಳ ನಾಕೌಟ್‌ಗೆ 15 ಪಂದ್ಯ ಸಾಕು, ಎಂಟು ತಂಡ ಮೊದಲ ಸುತ್ತಿಗೇ ಹೊರಗೆ. ಅದೇ ಹದಿನಾರನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಗುಂಪಿನಲ್ಲಿ ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಆಡಿಸಿದರೆ 24 ಪಂದ್ಯ. ಪ್ರತಿ ಗುಂಪಿನಿಂದ ಎರಡು ತಂಡ ಮುಂದೆ ಹೋದರೆ ಮತ್ತೆ 7. ಒಟ್ಟು 31. ಪಂದ್ಯ ಇಮ್ಮಡಿ ಆಯಿತು ನಿಜ, ಆದರೆ ಯಾವ ತಂಡವೂ ಮೂರಕ್ಕಿಂತ ಕಡಿಮೆ ಆಡುವುದಿಲ್ಲ. ಸಂಘಟಕರನ್ನು ಕೇಳಿದರೆ ಜಾಗ ಇಲ್ಲ, ದುಡ್ಡಿಲ್ಲ, ಅಕ್ಟೋಬರಿಗೆ ಸೆಮಿಸ್ಟರ್ ಪರೀಕ್ಷೆ ಅನ್ನುತ್ತಾರೆ. ಪರೀಕ್ಷೆ ಮಾತು ಒಪ್ಪುತ್ತೇನೆ. ಜಾಗದ ಮಾತು ಒಪ್ಪುವುದಿಲ್ಲ. ಭಾನುವಾರ ಸ್ಟಾಫ್ ಬೈಕುಗಳು ಇರುವುದಿಲ್ಲವಲ್ಲ! ಗುಂಪಿನ ಪಂದ್ಯಗಳನ್ನು ಆಯಾ ಕಾಲೇಜಿನ ಕೋರ್ಟಿನಲ್ಲೇ ಆಡಿಸಬಹುದು. ನಮ್ಮಂಥ ಟೇಬಲ್‌ನವರು ರೈಲು ಖರ್ಚು, ಒಂದು ಊಟಕ್ಕೆ ಬರುತ್ತೇವೆ.

ಕೆಲವರು ಮೂರು-ಮೂರು ಜನರ ಆಟ ಆಡಿಸಿ, ಬೇಗ ಮುಗಿಯುತ್ತದೆ ಅನ್ನುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಿಂದ ಅದಕ್ಕೂ ಪದಕ ಇದೆ. ಅರ್ಧ ಕೋರ್ಟ್ ಸಾಕು, ಹತ್ತು ನಿಮಿಷ ಅಥವಾ 21 ಪಾಯಿಂಟ್. ಚೆನ್ನಾಗಿದೆ, ನೋಡಲು ಮಜಾ. ಆದರೆ ಅದಕ್ಕೆ ಬದಲಿ ಆಟಗಾರನೂ ಸೇರಿ ನಾಲ್ಕೇ ಜನ ಸಾಕು, ಹನ್ನೆರಡು ಹುಡುಗರಲ್ಲಿ ಎಂಟು ಜನ ಬೆಂಚಿಗೂ ಬೇಡವಾಗುತ್ತಾರೆ.

ಇನ್ನೊಂದು ಕೋರಿಕೆ ನಮ್ಮ ಕನ್ನಡ ಸಂಘಗಳಿಗೆ. ವರ್ಷವರ್ಷ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ ಮಾಡುತ್ತೀರಿ. ಶಾಲು, ಹಾರ, ಭಾಷಣಕ್ಕೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ತೆಗೆದು ಜನವರಿಯಲ್ಲಿ ಎಂಟು ಕಾಲೇಜುಗಳ ಲೀಗ್ ಮಾಡಿ ನೋಡಿ. ಮಳೆ ಇಲ್ಲ, ಸೆಕೆ ಕಡಿಮೆ. ಸೋತ ತಂಡಗಳನ್ನೇ ಮೊದಲು ಕರೆಯಿರಿ.

ನಿಮಗೂ ಒಂದು ಮಾತು ಸರ್. 2019ರ ಅಕ್ಟೋಬರಿನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಎರಡು ತಂಡಗಳು ವರ್ಲಿಗೆ ಬಂದು ಆಡಿದಾಗ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಫೋಟೋ ಬಂದವು. ಕಾಲೇಜು ಹುಡುಗರಿಗೆ ಫೋಟೋ ಬೇಡ. ಕ್ವಾರ್ಟರ್ ಪ್ರಕಾರ ಸ್ಕೋರು, ಪಾಯಿಂಟ್ ಹಾಕಿದವರ ಹೆಸರು, ಇಷ್ಟು ಹಾಕಿದರೆ ಸಾಕು. ಹೆಚ್ಚೆಂದರೆ ಐದು ಸಾಲು. ಪಂದ್ಯ ಮುಗಿದ ರಾತ್ರಿಯೇ ನಾನು ಕನ್ನಡದಲ್ಲಿ ಬರೆದು ವಾಟ್ಸಾಪ್ ಮಾಡುತ್ತೇನೆ. ಯಾವ ನಂಬರಿಗೆ, ಎಷ್ಟು ಗಂಟೆಯೊಳಗೆ ಕಳಿಸಬೇಕು ಅಂತ ತಿಳಿಸಿ.

ಇಂತಿ,
ಒಬ್ಬ ಹಳೇ ಸ್ಕೋರರ್
ಮುಲುಂಡ್ ಪೂರ್ವ, ಮುಂಬಯಿ